ಕ್ಲಚ್ಚಿನ ಸಪ್ಪಳ ಕೇಳಿದ ಮಧ್ಯಾಹ್ನ

ಅಮೀರ್‌ಪೇಟ್ ಸಿಗ್ನಲ್‌ನಲ್ಲಿ ಹಳೆಯ ಕಾರೊಂದು ಪಕ್ಕಕ್ಕೆ ಬಂದು ನಿಂತು, ಅರ್ಧ ಉರಿದ ಪೆಟ್ರೋಲಿನ ವಾಸನೆ ಬಂದರೆ ನನಗೆ ಲಿಂಗಂಪಲ್ಲಿಯ ನಮ್ಮ ಮನೆ ಮುಂದಿನ ಆ ಮಧ್ಯಾಹ್ನ ನೆನಪಾಗುತ್ತದೆ.

ನಮ್ಮ ಕಾರು ನಿಂತಲ್ಲೇ ಗಡಗಡ ನಡುಗುತ್ತಿತ್ತು. ಕ್ಲಚ್ಚಿನ ಕಡೆಯಿಂದ ಏನೋ ಸಪ್ಪಳವೂ ಬರುತ್ತಿತ್ತು. ಅಪ್ಪ ಎಂಜಿನ್ ಆರಿಸಿ, ಬಾನೆಟ್ ಎತ್ತಿ, ಬನಿಯನ್ನಿನಲ್ಲೇ ಒಳಗೆ ಬಗ್ಗಿದ್ದರು. ಪೆಡಲ್ ಒತ್ತಲು ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದರೆ ಕಾಲು ಎಟುಕಲಿಲ್ಲ. ಕರೆದಾಗ ಅವ್ವ ಕೈ ಒರೆಸಿಕೊಳ್ಳುತ್ತ ಬಂದಳು. ಅವಳು ಆ ಸೀಟಿನಲ್ಲಿ ಕೂತದ್ದನ್ನು ನಾನು ಕಂಡೇ ಇರಲಿಲ್ಲ.

“ಎಡಗಡೆದು ಕ್ಲಚ್ ಐತಿ ನೋಡು,” ಅಂದರು ಅಪ್ಪ. ಅಷ್ಟರಲ್ಲಿ ಅವ್ವ ಗೇರನ್ನು ಅಲ್ಲಾಡಿಸಿ ನೋಡಿ, ಕನ್ನಡಿಯನ್ನು ತನ್ನ ಎತ್ತರಕ್ಕೆ ಬಾಗಿಸಿ, ಕೀಲಿ ತಿರುವಿದ್ದಳು. ಎಂಜಿನ್ ಆರಿಹೋಗುವಂತಾದಾಗ, ಅಪ್ಪ ಹೇಳುವ ಮೊದಲೇ ಒಂದಿಷ್ಟು ರೇಸ್ ಕೊಟ್ಟಳು.

“ಒತ್ತಿದ್ರ ಸಪ್ಪಳ ಬರ್ತೈತಿ, ಬಿಟ್ರ ನಿಲ್ತೈತಿ. ಬೇರಿಂಗ್ ಹೋಗೈತ್ರಿ.”

ಅಪ್ಪ ತಲೆ ಎತ್ತಿದರು. “ನಿನಗ ಹೆಂಗ ಗೊತ್ತು?”

“ಲಗ್ನಕ್ಕ ಮೊದಲ ನಮ್ಮ ಅಪ್ಪನ ಜೀಪ್ ನಾನೇ ಹೊಡೀತಿದ್ದೆ.”

“ಮತ್ತ ಈಗ್ಯಾಕ ಹೊಡಿಯೂದಿಲ್ಲವ್ವಾ?” ನಾನು ಕೇಳಿದೆ.

“ಒಲಿ ಮ್ಯಾಲೆ ಬ್ಯಾಳಿ ಇಟ್ಟು ಬಂದೀನಿ,” ಎಂದು ಅವ್ವ ಇಳಿದು ಒಳಗೆ ಹೋದಳು.

ಸಂಜೆ ಕಾರನ್ನು ಮೆಕ್ಯಾನಿಕ್ ಹತ್ತಿರ ಒಯ್ಯುವಾಗ ಅಪ್ಪ ಕನ್ನಡಿಯನ್ನು ಮತ್ತೆ ತಮ್ಮ ಎತ್ತರಕ್ಕೆ ತಿರುಗಿಸಿಕೊಂಡರು. ಅವ್ವ ಎಂದಿನಂತೆ ಹಿಂದೆ, ನನ್ನ ಪಕ್ಕ ಕೂತು ಕಿಟಕಿಯಾಚೆ ನೋಡುತ್ತಿದ್ದಳು. ನಾನು ಕೆಳಗೆ ನೋಡಿದೆ. ಅಪ್ಪ ಗೇರ್ ಬದಲಿಸುವಾಗಲೆಲ್ಲ, ಅವರಿಗಿಂತ ಒಂದು ಕ್ಷಣ ಮೊದಲು, ಅವ್ವನ ಎಡಗಾಲು ಬರಿಯ ಮ್ಯಾಟನ್ನು ಒತ್ತುತ್ತಿತ್ತು.