ಮದುವೆ ಮನೆಯ ಸೀಡಿ

ಕಂಪ್ಯೂಟರಿನ ಹೊಟ್ಟೆಯೊಳಗೆ ಸೀಡಿ ಮೊದಲು ಗುಂಯ್‌ಗುಟ್ಟಿತು, ಆಮೇಲೆ ಗಡಗಡ ನಡುಗಿತು, ಕೊನೆಗೆ ಢಬ್ ಎಂದಿತು. ಸರ್ಕಾರಿ ವಕೀಲರ ಕಚೇರಿಯ ಗುಮಾಸ್ತ ಫಿದೆನ್ಸಿಯೊ ಕುರ್ಚಿ ಸಮೇತ ಹಿಂದಕ್ಕೆ ಹಾರಿದ. ಮೇಜಿನ ಈಚೆ ನಿಂತಿದ್ದ ಒತಿಲಿಯಾಳ ಮುಖ ಮಾತ್ರ ಅರಳಿತು.

"ಮದ್ವೆ ರಾಕೆಟ್ಟು ಅಲ್ವಾ ಸಾಹೇಬ್ರೆ? ಎಷ್ಟು ಚೆನ್ನಾಗಿ ಕೇಳ್ಸುತ್ತೆ! ನನ್ನ ಮಗ ಕಾಣಿಸ್ದನಾ?"

"ರಾಕೆಟ್ಟೂ ಇಲ್ಲ, ಮಗನೂ ಇಲ್ಲ. ನಿಮ್ಮ ಸೀಡಿ ಒಡೆದು ಹೋಯ್ತಮ್ಮ."

ಒತಿಲಿಯಾಳ ಮಗ ನಾಬೋರ್ ಅದೇ ಕಟ್ಟಡದ ಹಿಂದುಗಡೆ ಲಾಕಪ್ಪಿನಲ್ಲಿದ್ದ. ಹೆದ್ದಾರಿಯಲ್ಲಿ ಸಕ್ಕರೆ ಲಾರಿಯೊಂದನ್ನು ಯಾರೋ ದೋಚಿದ್ದರು. ಲಾರಿ ಊರಿನ ಮೇಯರರ ಭಾವಮೈದುನನದು, ಹಾಗಾಗಿ ಕಳ್ಳ ಬೇಗ ಸಿಗಲೇಬೇಕಿತ್ತು, ಸಿಕ್ಕಿದ. ಆ ರಾತ್ರಿ ನಾಬೋರ್ ಗುಡ್ಡದಾಚೆಯ ಒಂದು ಮದುವೆಯಲ್ಲಿ ವಾದ್ಯದವರ ಜೊತೆ ತುತ್ತೂರಿ ಊದುತ್ತಿದ್ದ. ವಾದ್ಯದವರ, ನೆಂಟರ ಬಾಯಿಮಾತು ನಡೆಯುವುದಿಲ್ಲ, ಮದುವೆಯ ವಿಡಿಯೊ ತನ್ನಿ, ಅದರ ಮೂಲೆಯಲ್ಲಿ ತಾರೀಖೂ ಗಂಟೆಯೂ ಇರುತ್ತದೆ ಎಂದು ಹೇಳಿಕೊಟ್ಟವನು ಈ ಫಿದೆನ್ಸಿಯೊನೇ. ಒತಿಲಿಯಾ ಮದುಮಗಳ ಮನೆಗೆ ನಡೆದುಹೋಗಿ, ಕಾಡಿ ಬೇಡಿ ಸೀಡಿ ಇಸಿದುಕೊಂಡು, ತೊರ್ತಿಯಾ ರೊಟ್ಟಿ ಸುತ್ತುವ ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ಇನ್ನೊಂದು ಪ್ರತಿ ಇರಲಿಲ್ಲ. ವಿಡಿಯೊದವನು ಆ ಮದುವೆ ಹಿಡಿದಿದ್ದ ಟೇಪಿನ ಮೇಲೆ ಆಗಲೇ ಯಾರದೋ ಮಗುವಿನ ನಾಮಕರಣ ತುಂಬಿಸಿಬಿಟ್ಟಿದ್ದ. ಮಧ್ಯಾಹ್ನ ಫೈಲು ನ್ಯಾಯಾಧೀಶರಿಗೆ ಹೋದರೆ, ಹಿಂದೆಯೇ ನಾಬೋರ್ ದೊಡ್ಡ ಜೈಲಿಗೆ ಹೋಗುತ್ತಾನೆ. ಅಲ್ಲಿಗೆ ಹೋದ ಬಡವರ ಮಕ್ಕಳು ಬೇಗ ತಿರುಗಿ ಬಂದದ್ದನ್ನು ಆ ಗುಡ್ಡದವರು ಯಾರೂ ಕಂಡಿಲ್ಲ.

ಫಿದೆನ್ಸಿಯೊ ಸ್ಕ್ರೂ ಬಿಚ್ಚಿ ಡ್ರೈವನ್ನು ಹೊರಗೆಳೆದು ಮೇಜಿನ ಮೇಲೆ ಕೊಡವಿದ. ಬೆಳ್ಳಿ ಬಣ್ಣದ ಚೂರುಗಳು ಉದುರಿದವು, ಕೆಲವು ನೆಲಕ್ಕೂ ಬಿದ್ದವು. ಒಂದು ಚೂರಿಗೆ ಸಂತ ಹೂದಾಸನ ಚಿತ್ರದ ಹಸಿರು ಅಂಗಿ ಅಂಟಿಕೊಂಡಿತ್ತು. ಗತಿಗೆಟ್ಟವರಿಗೆ ಅವನೇ ಗತಿ ಎಂದು ಆ ಕಡೆ ಬಸ್ಸಿನ ಗಾಜಿಗೂ ಅವನನ್ನು ಅಂಟಿಸುತ್ತಾರೆ, ರೋಗಿಯ ಮಂಚಕ್ಕೂ ಅಂಟಿಸುತ್ತಾರೆ. ಒತಿಲಿಯಾ ಮೈದಾ ಗಂಜಿ ಕಾಯಿಸಿ, ಸೀಡಿಯ ಒಂದು ಅಂಚಿಗೆ ದಪ್ಪಗೆ ಬಳಿದು ಚಿತ್ರ ಕೂರಿಸಿದ್ದಳು. ಸಂತನಿಗೆ ಭಾರವಿಲ್ಲದಿರಬಹುದು, ಗಂಜಿಗಂತೂ ಇತ್ತು.

"ಯಾರಮ್ಮ ನಿಮಗೆ ಇದಕ್ಕೆ ಚಿತ್ರ ಅಂಟಿಸಿ ಅಂದೋರು? ಒಳಗೆ ಬುಗುರಿಗಿಂತ ಜೋರಾಗಿ ತಿರುಗುತ್ತೆ ಇದು. ಒಂದು ಕಡೆ ಭಾರ ಆದ್ರೆ ಕಥೆ ಮುಗೀತು."

"ಸುಖವಾಗಿ ತಲುಪ್ಲಿ ಅಂತ ಅಂಟಿಸ್ದೆ. ನೀವೂ ನೋಡಿದ್ರಲ್ಲ ಸಾಹೇಬ್ರೆ? ಒಳಗೆ ಹಾಕೋ ಮೊದ್ಲು ನೀವೂ ಚಿತ್ರ ಮುಟ್ಟಿ ಶಿಲುಬೆ ಮಾಡ್ಕೊಂಡ್ರಿ."

ಅದು ನಿಜವೇ ಆಗಿತ್ತು. ಫಿದೆನ್ಸಿಯೊ ಮೇಜಿನಡಿ ಬಗ್ಗಿ ಚೂರು ಹೆಕ್ಕತೊಡಗಿದ. ಮಾತು ನಿಲ್ಲಿಸಿದರೆ ಮಗನ ಕಥೆ ಅಲ್ಲಿಗೇ ಮುಗಿಯುತ್ತದೆ ಎನ್ನುವ ಭಯಕ್ಕೆ ಒತಿಲಿಯಾ ಮಾತಾಡುತ್ತಲೇ ಹೋದಳು. ಆ ಮದುವೆಗೆ ಅವಳು ಹೋಗಿರಲಿಲ್ಲ. ಮಗ ಹೇಳಿದ್ದನ್ನೇ ಹೇಳಿದಳು.

"ಅವನು ಅಲ್ಲೇ ಇದ್ದ ಸಾಹೇಬ್ರೆ. ನಡುರಾತ್ರಿ ಮೂರಂತಸ್ತಿನ ಕೇಕು ಕೊಯ್ಯೋವಾಗ ಮೇಲಿನ ಅಂತಸ್ತು ಜಾರಿ ಬಿತ್ತಂತೆ. ಇವನು ತುತ್ತೂರಿ ಬಿಸಾಕಿ ಓಡಿ ಹೋಗಿ ಎರಡೂ ಕೈಯಲ್ಲಿ ಹಿಡ್ಕೊಂಡನಂತೆ. ಇಂಥದ್ದನ್ನೆಲ್ಲ ಯಾರಾದ್ರೂ ಕಟ್ಟಿ ಹೇಳೋಕಾಗುತ್ತಾ?"

"ತಾನಾಗಿ ಜಾರ್ಲಿಲ್ಲಮ್ಮ," ಎಂದ ಫಿದೆನ್ಸಿಯೊ ಮೇಜಿನಡಿಯಿಂದಲೇ. "ಮದುಮಗನ ತಮ್ಮ, ಆ ಕುಡುಕ, ಮೊಣಕೈ ತಾಗಿಸ್ದ. ನಿಮ್ಮ ಹುಡುಗ ಹಿಡೀದಿದ್ರೆ ಮದುಮಗಳ ಬಿಳೀ ಗೌನು ಎಲ್ಲ..."

ಅಷ್ಟಕ್ಕೇ ಅವನ ಮಾತು ನಿಂತಿತು. ಮೇಜಿನಡಿ ಕೈಯಾಡುವ ಸದ್ದೂ ನಿಂತಿತು. ಅವನು ಎದ್ದು ಕೂತಾಗ ಒತಿಲಿಯಾ ಎವೆಯಿಕ್ಕದೆ ಅವನನ್ನೇ ನೋಡುತ್ತಿದ್ದಳು.

"ನೀವು ಅಲ್ಲಿದ್ರಿ," ಎಂದಳು.

ಫಿದೆನ್ಸಿಯೊ ವಕೀಲರಿದ್ದ ಒಳಕೋಣೆಯ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. ಅಲ್ಲಿನ ಮದುವೆಗಳಲ್ಲಿ ಉಂಗುರಕ್ಕೊಬ್ಬ, ವಾದ್ಯಕ್ಕೊಬ್ಬ, ಔತಣಕ್ಕೊಬ್ಬ ಧರ್ಮತಂದೆ ಇರುತ್ತಾನೆ, ಅದರ ಖರ್ಚು ಅವನದೇ. "ಆ ಕೇಕಿಗೆ ನಾನೇ ಧರ್ಮತಂದೆ," ಎಂದ. "ಪಕ್ಕದಲ್ಲೇ ನಿಂತಿದ್ದೆ."

"ನನ್ನ ಮಗ ಇದ್ದನಾ?"

"ಬೆಳಗಾಗೋವರೆಗೂ ಊದಿದ. ಅದಕ್ಕೇ ಅಲ್ವೇನಮ್ಮ ವಿಡಿಯೊ ತನ್ನಿ ಅಂತ ನಿಮ್ಮನ್ನ ಕಳ್ಸಿದ್ದು? ನಾನು ಹೇಳಿದ್ರೆ ನಾಳೆ ಈ ಕುರ್ಚಿ ನಂದಲ್ಲ. ಮೇಯರ್ ಬಿಡ್ತಾರಾ? ನಾನು ಹೇಳ್ಬೇಕಾದ್ದನ್ನ ಆ ವಿಡಿಯೊನೇ ಹೇಳ್ಲಿ ಅಂದ್ಕೊಂಡೆ."

ಅವನ ದನಿಯಲ್ಲಿ ಮರುಕವಿತ್ತು. ಅದು ನಾಟಕವಲ್ಲ, ನಿಜವಾದ ಮರುಕವೇ. ಹಾಗಿದ್ದದ್ದರಿಂದಲೇ ಒತಿಲಿಯಾಳಿಗೆ ಅದನ್ನು ಸಹಿಸಲಾಗಲಿಲ್ಲ.

ಒಳಕೋಣೆಯಿಂದ ಸರ್ಕಾರಿ ವಕೀಲರ ಕೂಗು ಬಂತು. "ಫಿದೆನ್ಸಿಯೊ, ಫೈಲು ಕಳ್ಸೋ ಹೊತ್ತಾಯ್ತು. ಆ ತುತ್ತೂರಿಯವನ ಪರ ಸಾಕ್ಷಿ ಯಾರಾದ್ರೂ ಇದ್ದಾರೇನಯ್ಯಾ?"

ಫಿದೆನ್ಸಿಯೊ ಕೈಯಲ್ಲಿದ್ದ ಚೂರುಗಳನ್ನು ಮೇಜಿನ ಮೇಲಿಟ್ಟ. ಒತಿಲಿಯಾ ಅವನ ಬಾಯನ್ನೇ ನೋಡಿದಳು.

"ಯಾರೂ ಇಲ್ಲ ಸಾರ್," ಎಂದ.

ಒತಿಲಿಯಾ ಮೇಜಿನ ಮೇಲೆ ಎರಡೂ ಕೈ ಊರಿ ಮುಂದಕ್ಕೆ ಬಾಗಿದಳು.

"ಒಡೆದಿದ್ದು ಸೀಡಿ ಕಣೋ," ಎಂದಳು. "ನಿನ್ನ ನಾಲಿಗೆಗೆ ಏನಾಗಿದೆ?"