ಪಾದ್ರಿ ಕಳಿಸಿದವರು

ನಡುರಸ್ತೆಯಲ್ಲಿ ಮುದುಕಿಯೊಬ್ಬಳು ಎರಡೂ ಕೈ ಎತ್ತಿ ಗಾಡಿ ತಡೆದಾಗ ಆರ್ಲೋ ಕಿಂಬಲ್ ಹಿಂದುಗಡೆ, ಹೆಣ ಮಲಗಬೇಕಾದ ಜಾಗದಲ್ಲಿ, ಕಾಲು ಚಾಚಿ ಮಲಗಿ ತನ್ನದೇ ಪದ್ಯವನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದ. ಅದು ಹೊಚ್ಚಹೊಸ ಶವವಾಹನ. ಓಹಾಯೋದ ಕಾರ್ಖಾನೆಯಿಂದ ಓಡಿಸಿಕೊಂಡು ಹೋಗಿ ಸ್ಯಾನ್ ಫ್ರಾನ್ಸಿಸ್ಕೋದ ಗಿರಾಕಿಗೆ ಮುಟ್ಟಿಸಬೇಕು, ಪೆಟ್ರೋಲು ಕಾರ್ಖಾನೆಯದು. ನ್ಯೂಯಾರ್ಕಿನಲ್ಲಿ ಅವನು ಕೂರುವ ಕಾಫಿ ಅಂಗಡಿಯ ಗಡ್ಡದವರೆಲ್ಲ ದೇಶವನ್ನು ಅಡ್ಡಡ್ಡ ಸುತ್ತಿ ಬಂದು, ಸುತ್ತಿದ್ದನ್ನೇ ಕಾದಂಬರಿ ಬರೆದಾಗಿತ್ತು. ಊರಂಚಿನ ಹಡ್ಸನ್ ಹೊಳೆಯನ್ನೂ ದಾಟದೆ ಉಳಿದವನು ಆರ್ಲೋ ಒಬ್ಬನೇ.

ಹುಚ್ಚಾಟ ಹುಡುಕಿಕೊಂಡು ಹೊರಟವರಿಗೆ ದಾರಿಯುದ್ದಕ್ಕೂ ಸಿಕ್ಕಿದ್ದು ಬರೀ ಮರ್ಯಾದೆ. ಇವರನ್ನು ಕಂಡರೆ ಲಾರಿಗಳು ಬದಿಗೆ ಸರಿದು ನಿಲ್ಲುತ್ತಿದ್ದವು, ಗಂಡಸರು ಟೊಪ್ಪಿ ತೆಗೆಯುತ್ತಿದ್ದರು. ಗಾಡಿ ಓಡಿಸುತ್ತಿದ್ದ ಗೆಳೆಯ ಡ್ವೇನ್ ಬಿಯರ್ ಬಾಟಲಿ ಎತ್ತಿದಾಗಲೇ ಪೊಲೀಸನೊಬ್ಬ ಸಲ್ಯೂಟ್ ಹೊಡೆದಿದ್ದ. "ಇದನ್ನ ಬರೆದ್ರೆ ಕಾದಂಬರಿ ಆಗಲ್ಲ ಗುರೂ, ಪ್ರಾರ್ಥನೆ ಪುಸ್ತಕ ಆಗುತ್ತೆ" ಎಂದು ಆರ್ಲೋ ಗೊಣಗುತ್ತಲೇ ನೆಬ್ರಾಸ್ಕಾ ತಲುಪಿದ್ದ.

ಮುದುಕಿ ಕಿಟಕಿಯ ಬಳಿ ಬಂದಳು. "ಪಾದ್ರಿಗಳು ಕಳಿಸಿದ್ರಾ?"

ದಾರಿಯಲ್ಲಿ ಯಾರು ಏನು ಕೇಳಿದರೂ ಹೂಂ ಅನ್ನಬೇಕೆಂಬುದು ಡ್ವೇನ್ ಹಿಡಿದಿದ್ದ ವ್ರತ. "ಹೂಂ ಅಮ್ಮ" ಎಂದುಬಿಟ್ಟ.

"ಕೊನೇ ಗಳಿಗೇಲಾದ್ರೂ ಅವರ ಮನಸ್ಸು ಕರಗ್ತಲ್ಲ!" ಎಂದು ಅವಳು ಅಂಗಳದ ಕಡೆ ತಿರುಗಿದಳು. ಅಲ್ಲಿ ಗೊಬ್ಬರ ಸಾಗಿಸುವ ಟ್ರೇಲರಿನ ಮೇಲೆ ಶವಪೆಟ್ಟಿಗೆ ಇತ್ತು. ಸುತ್ತ ನಿಂತ ನೆರೆಯವರು ತಂತಮ್ಮ ಬೂಟುಗಳನ್ನೇ ನೋಡುತ್ತಿದ್ದರು. ಪೆಟ್ಟಿಗೆಯಲ್ಲಿದ್ದವನು ಅವಳ ಗಂಡ ನೆಲ್ಸ್ ಲಿಂಡ್‌ಕ್ವಿಸ್ಟ್. ಊರ ಪಾದ್ರಿ ಮಣ್ಣಿಗೆ ಬರಲಾರೆ ಎಂದಿದ್ದ. ಹೆಣದ ಪೆಟ್ಟಿಗೆ, ಗಾಡಿಗಳ ಅಂಗಡಿ ಪಾದ್ರಿಯ ಭಾವಮೈದನದು; ಅವನು ಪೆಟ್ಟಿಗೆಯನ್ನೇನೋ ಮಾರಿ, ಗಾಡಿ ಮಾತ್ರ ಕೊಡುವುದಿಲ್ಲ ಎಂದಿದ್ದ.

"ಗೊಬ್ಬರದ ಗಾಡೀಲಿ ಹೋಗೋ ಮನುಷ್ಯ ಅಲ್ಲ ಕಣಪ್ಪಾ ನನ್ನ ಗಂಡ. ಜನರೆದುರು ನಾಲ್ಕು ಮಾತೂ ಆಡದೆ ನಾಯಿ ಹೂತ ಹಾಗೆ ಹೂತುಬಿಡ್ಲಾ? ಮಾತಾಡೋರೂ ಬಂದಿದಾರಾ?"

"ಹೂಂ ಅಮ್ಮ, ಇವನು. ಗಡ್ಡ ನೋಡಿ" ಎಂದು ಡ್ವೇನ್ ಹಿಂದಕ್ಕೆ ಕೈ ತೋರಿಸಿದ. ಹೆಣದ ಜಾಗದಿಂದ ಆರ್ಲೋ ಎದ್ದು ಕುಳಿತದ್ದನ್ನು ಕಂಡು ನೆರೆಯವನೊಬ್ಬ ಬೇಲಿಯವರೆಗೂ ಹಿಂದೆ ಸರಿದ.

ನೆಲ್ಸ್‌ನನ್ನು ಏರಿಸಿಕೊಂಡು ಸ್ಮಶಾನದ ಕಡೆ ಹೊರಟಾಗ ಆರ್ಲೋ ಹಲ್ಲು ಕಚ್ಚಿದ. "ನಿನ್ನ ಹೂಂಗೆ ಬೆಂಕಿ ಹಾಕ! ಬೈಬಲ್‌ನ ಒಂದು ಸಾಲೂ ಬರಲ್ಲ ನಂಗೆ."

"ಮುಖ ಗಂಟು ಹಾಕ್ಕೊಂಡು ಹೇಳಿದ್ರೆ ದಿನಸಿ ಚೀಟೀನೂ ಮಂತ್ರ ಕಣೋ. ಏನಾದ್ರೂ ಹೇಳು."

"ಬಾಯಿಗೆ ಬರೋದು ಒಂದೇ ಒಂದು. ನನ್ನ ಪದ್ಯ."

ಡ್ವೇನ್ ಮೊದಲ ಬಾರಿಗೆ ವ್ರತ ಮುರಿದ. "ಅದು ಬೇಡ ಮಾರಾಯ. ನಮ್ಮನ್ನೂ ಇಲ್ಲೇ ಹೂಳ್ತಾರೆ."

ಪೆಟ್ಟಿಗೆ ಗುಂಡಿಗೆ ಇಳಿಯಿತು. ಮುದುಕಿ ಕಣ್ಣು ಮುಚ್ಚಿ, ಕೈ ಜೋಡಿಸಿ, ಕಿವಿಯನ್ನಷ್ಟೇ ತೆರೆದು ನಿಂತಳು. ಆ ಮುಖ ನೋಡಿದ ಮೇಲೆ ಸುಮ್ಮನಿರುವುದು ಆರ್ಲೋನಿಂದ ಆಗಲಿಲ್ಲ. ಶುರುಮಾಡಿದ. ಮೊದಮೊದಲು ಗೋಧಿಯ ಹೊಲಗಳು ಬಂದವು, ಧೂಳು ಬಂತು, ಊರೂರು ದಾಟುವ ಗೂಡ್ಸ್ ರೈಲಿನ ಸಿಳ್ಳು ಬಂತು. ನೆರೆಯವರು ತಲೆದೂಗಿದರು. ಡ್ವೇನ್ ಹೆದರಿದ್ದ ಆ ಸಾಲು ಹತ್ತಿರ ಬರುತ್ತಿತ್ತು. ಹಾರಿಸಿಬಿಡೋಣವೆಂದು ಆರ್ಲೋ ಅಂದುಕೊಂಡ. ಆದರೆ ಬಾಯಿಪಾಠದ ಪದ್ಯ ಹಾಗೆ ಬಿಟ್ಟುಕೊಡುವುದಿಲ್ಲ. ನಡುವಿನ ಒಂದು ಸಾಲನ್ನು ನುಂಗಿದರೆ ಮುಂದಿನದು ನಾಲಿಗೆಗೆ ಹತ್ತುವುದಿಲ್ಲ. ಉಸಿರು ತಾನಾಗಿ ಏರಿತು, ದನಿ ತಾನಾಗಿ ಒಡೆಯಿತು:

"ಎಲವೋ ದೇವರೇ, ಹಲ್ಕಟ್ ನನ್ನ ಮಗನೇ, ನಮ್ಮ ಹುಡುಗರು ಸಾಯುವಾಗ ನೀನು ಯಾವ ಹೆಂಡದಂಗಡಿಯಲ್ಲಿ ಬಿದ್ದಿದ್ದೆಯೋ!"

ಒಬ್ಬ ತೆಗೆದಿದ್ದ ಟೊಪ್ಪಿಯನ್ನು ಮತ್ತೆ ತಲೆಗೆ ಒತ್ತಿಕೊಂಡ. ಗಾಡಿ ಎಷ್ಟು ದೂರದಲ್ಲಿದೆಯೆಂದು ಡ್ವೇನ್ ಕಣ್ಣಲ್ಲೇ ಅಳೆದ. ಮುದುಕಿ ಕಣ್ಣು ತೆರೆದು ನೆಟ್ಟಗೆ ಆರ್ಲೋನ ಹತ್ತಿರ ಬಂದಳು. ಕಪಾಳಕ್ಕೆ ಬೀಳುತ್ತದೆಂದು ಅವನು ಮುಖ ಬಿಗಿ ಹಿಡಿದ. ಅವಳು ಅವನ ಎರಡೂ ಕೈ ಹಿಡಿದುಕೊಂಡಳು.

"ಕೊರಿಯಾ ಯುದ್ಧಕ್ಕೆ ಹೋದ ನಮ್ಮ ಹುಡುಗ ತಿರುಗಿ ಬರ್ಲಿಲ್ಲ" ಎಂದಳು. "ತಂತಿ ಬಂದ ಭಾನುವಾರ ನೆಲ್ಸ್ ಚರ್ಚಿನ ಮಧ್ಯೆ ಎದ್ದು ನಿಂತು ಇದನ್ನೇ ಕೇಳಿದ್ದ. ಹೆಚ್ಚುಕಮ್ಮಿ ಇದೇ ಬೈಗುಳ. ಕತ್ತು ಹಿಡಿದು ಹೊರಗೆ ಹಾಕಿದ್ರು. ಇವತ್ತು ಪಾದ್ರಿಗಳು ತಾವೇ ಅದನ್ನ ನಿನ್ನ ಬಾಯಲ್ಲಿ ಹೇಳಿಸಿ ಕಳಿಸಿದ್ದಾರಲ್ಲ!"

"ಅಮ್ಮ, ಅದು..." ಎನ್ನುವಷ್ಟರಲ್ಲಿ ಡ್ವೇನ್ ಆರ್ಲೋನ ಕಾಲು ತುಳಿದ.

ಮುದುಕಿ ಒಂದು ಹಿಡಿ ಮಣ್ಣು ತೆಗೆದು ಗುಂಡಿಗೆ ಹಾಕಿ, ಕೈ ಕೊಡವಿಕೊಂಡಳು.

"ಒಪ್ಕೊಂಡಿದ್ದು ತಡವಾಯ್ತು, ಪರವಾಗಿಲ್ಲ ಅಂತ ಪಾದ್ರಿಗಳಿಗೆ ಹೇಳಪ್ಪ. ಆ ಪ್ರಶ್ನೆಯ ಉತ್ತರಕ್ಕೆ ಅವರೇನೂ ಒದ್ದಾಡೋದು ಬೇಡ. ನೆಲ್ಸ್ ಈಗ ನೇರ ದೇವರ ಹತ್ರಾನೇ ಹೋಗಿದಾನೆ, ಕಾಲರ್ ಹಿಡಿದು ಕೇಳ್ಕೊತಾನೆ."