ಮೂಡದ ಹೂವು

ಸುಧೀರ ಮಾಸ್ತರನು ಬಾಗಿಲಿಗೆ ಒದ್ದ. ಒಳಗೆ ಯಾರೋ ದೊಪ್ಪನೆ ಬಿದ್ದ ಸದ್ದು ಅವನಿಗೆ ಚೆನ್ನಾಗಿಯೇ ಕೇಳಿಸಿತ್ತು. ಹೆಂಡತಿ ಸಂಪದಾ ದಿನಾ ಮಧ್ಯಾಹ್ನ ಈ ಮನೆಗೆ ಯಾರಿಗಾಗಿ ಬರುತ್ತಾಳೆಂಬುದು ಇವತ್ತು ಇತ್ಯರ್ಥವಾಗಲೇಬೇಕು. ಸಿಕ್ಕವನ ಬೆನ್ನು ಸುಲಿಯಲು ಸೊಂಟದ ಬೆಲ್ಟನ್ನು ಕೈಗೆ ಸುತ್ತಿಕೊಂಡೇ ಬಂದಿದ್ದ.

ಬಾಗಿಲು ತೆರೆಯಲು ತುಸು ತಡವಾಯಿತು. ಒಳಗೆ ಗಂಡಸಿನ ನೆರಳೂ ಇರಲಿಲ್ಲ. ನೆಲದ ತುಂಬ ಹಾಸಿದ ಗಾದಿಗಳ ಮೇಲೆ ಇಂಡಿ ಪೇಟೆಯ ಐದಾರು ಹೆಂಗಸರು ಬೆವರೊರೆಸಿಕೊಳ್ಳುತ್ತ ಕೂತಿದ್ದರು. ನಡುವೆ ಸಂಪದಾ. ಎಲ್ಲರ ಕೈಯಲ್ಲೂ ಕೊಕ್ಕೆಸೂಜಿ, ಬಣ್ಣದ ದಾರ.

"ಕ್ರೋಶಾ ಕಲಸಾಕತ್ತೇನ್ರಿ," ಎಂದಳು ದಾನೇಶ್ವರಿ. ಮಸೂತಿ ಎಂಬ ಹಳ್ಳಿಯಿಂದ ಬಂದು ಆ ಮನೆ ಬಾಡಿಗೆ ಹಿಡಿದ ಗಟ್ಟಿಮುಟ್ಟು ಹೆಂಗಸು. "ಫ್ಯಾನ್ ಕೆಟ್ಟೈತಿ, ಸೆಕಿ ಭಾಳ. ಬೇಕಾದ್ರ ನೀವೂ ಕೂಡ್ರಿ."

ಮಾಸ್ತರನ ಬೆಲ್ಟು ಮರಳಿ ಸೊಂಟ ಸೇರಿತು. ಇಷ್ಟು ದಿನ ದಾರದುಂಡೆಯ ಮೇಲೆ ಅನುಮಾನಪಟ್ಟಿದ್ದಕ್ಕೆ ಅವನಿಗೇ ನಗು ಬಂತು.

ಸಂಜೆ ಮನೆಯಲ್ಲಿ ಪರೀಕ್ಷೆ. "ಏನ್ ಕಲ್ತಿ, ತೋರಸು."

ಸಂಪದಾ ದಾರಕ್ಕೆ ಜಾರುಗಂಟು ಹಾಕಿದಳು. ಕುಣಿಕೆಯೊಳಗೆ ಕೊಕ್ಕೆ ತೂರಿಸಿ, ದಾರ ಸುತ್ತಿ, ಎಳೆದಳು. ಮತ್ತೆ ಸುತ್ತಿದಳು, ಮತ್ತೆ ಎಳೆದಳು. ಸರಪಳಿ ಹೆಣಿಗೆ, ಕ್ರೋಶಾದ ಓನಾಮ.

"ಭಾಳ ಬಿಗಿ ಹಿಡೀಬಾರದಂತ್ರಿ. ಮುಂದಿನ ಸಾಲಿಗೆ ಕೊಕ್ಕಿ ಹೋಗೂದಿಲ್ಲಂತ."

ಆ ಮುಂದಿನ ಸಾಲು ಬರಲೇ ಇಲ್ಲ. ತೊಗರಿ ರಾಶಿಯಾಯಿತು, ಬಿಸಿಲು ಏರಿತು. ಸಂಪದಾ ದಿನವೂ ತರುತ್ತಿದ್ದದ್ದು ಗೇಣುದ್ದದ ಅದೇ ಸರಪಳಿ. ಮಾಸ್ತರನಿಗೆ ಹೊಡೆಯಲು ಹೊಸ ನೆಪ ಸಿಕ್ಕಿತು: ದಡ್ಡತನ. ಕೆನ್ನೆಗೆ ಬಾರಿಸಿದ. ಬೆಲ್ಟಿನಿಂದ ಬೆನ್ನಿಗೆ ಬಾಸುಂಡೆ ಎಬ್ಬಿಸಿದ. ಒಮ್ಮೆ ಜಡೆ ಹಿಡಿದು ಗೋಡೆಗೆ ಅಪ್ಪಳಿಸಿದಾಗ ಹುಬ್ಬು ಸೀಳಿ ರಕ್ತ ಸೆರಗಿಗಿಳಿಯಿತು. ಅವಳ ಭುಜ, ಮೊಣಕೈ, ಮೊಣಕಾಲುಗಳಲ್ಲೂ ಕಪ್ಪುಗಟ್ಟಿದ ಗುರುತುಗಳಿದ್ದವು. ಅಲ್ಲೆಲ್ಲ ಯಾವಾಗ ಹೊಡೆದೆನೋ ಪುಣ್ಯಾತ್ಮನಿಗೆ ನೆನಪೇ ಇರಲಿಲ್ಲ. ಇಂಥವರಿಗೆ ನೆನಪು ಕಡಿಮೆಯೇ.

"ನಾಳೆ ಒಂದು ಹೂವರೆ ಹೆಣದು ತೋರಸು," ಎಂದ ಕೊನೆಗೆ. "ಇಲ್ಲಾಂದ್ರ ಆ ಬೆರಳು ಮುರೀತೇನಿ."

ಬಾಯಿಮಾತಿನ ಬೆದರಿಕೆ ಹಾಕುವವನಲ್ಲ ಸಂಪದಾಳ ಗಂಡ. ಹೋದ ವರ್ಷ ಅವನು ಮುರಿದ ಅವಳ ಎಡಗೈ ಕಿರುಬೆರಳು ಇನ್ನೂ ಸೊಟ್ಟಗಿತ್ತು.

ಮರುದಿನ ಅವಳು ತಾನಾಗಿಯೇ ಬಂದು ಎದುರು ನಿಂತಳು. ಅಂಗೈಯಲ್ಲಿ ಅದೇ ಸರಪಳಿ.

"ಹೂವು ಎಲ್ಲದ?"

"ಬರೂದಿಲ್ರಿ. ಅಕ್ಕೋರು ಇದರ ಮುಂದ ಕಲಿಸೇ ಇಲ್ಲ."

"ಇಷ್ಟು ದಿನ ಮತ್ತೇನ್ ಕಲತಿ?"

ಉತ್ತರಕ್ಕೆ ಕಾಯದೆ ಅವಳ ಬಲಗೈ ತೋರುಬೆರಳು ಹಿಡಿದು ಹಿಂದಕ್ಕೆ ಬಾಗಿಸಿದ. ಬೆರಳು ಮುರಿಯಲಿಲ್ಲ. ಅವಳು ಅವನ ತೋಳಿನಡಿ ನುಸುಳಿ ತಿರುಗಿದಳು, ಅವನ ಕಾಲುಗಳು ನೆಲ ಬಿಟ್ಟವು. ಬೆನ್ನು ಫರಸಿ ನೆಲಕ್ಕೆ ಅಪ್ಪಳಿಸಿತು, ಭುಜದ ಎಲುಬು ಲಟಕ್ಕೆಂದಿತು. ಎದೆಯ ಮೇಲೆ ಅವಳ ಮೊಣಕಾಲು ಊರಿದಾಗ ಮಾಸ್ತರನಿಗೆ ಚೀರಲೂ ಉಸಿರು ಸಿಗಲಿಲ್ಲ.

"ಅಕ್ಕೋರಿಗೂ ಕ್ರೋಶಾ ಈ ಸರಪಳಿತನಕಷ್ಟ ಬರ್ತದ್ರಿ," ಎಂದಳು ಸಂಪದಾ. "ಅವರು ಕಲಸೂದು ಕುಸ್ತಿ."